ಬರೀ ಎಂಬಿಬಿಎಸ್ ಡಾಕ್ಟರ ಬಾಗಿಲಲ್ಲಿ

ನನ್ನ ಮೊಮ್ಮಗಳು ಭಾರ್ಗವಿ ಡಾಕ್ಟರಾಗಿದ್ದಾಳೆ. ಇದನ್ನು ಹಾಲಿನವನಿಗೆ ಹೇಳಿದೆ, ಕರೆಂಟು ರೀಡಿಂಗಿಗೆ ಬಂದವನಿಗೆ ಹೇಳಿದೆ, ಬಸ್ಸಿನಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿ ಅವಳು ಇಳಿಯಬೇಕಾದ ಸ್ಟಾಪು ತಪ್ಪಿಸಿದೆ. ಹೇಳಿ ಹೇಳಿ ಸಾಕಾಗದೆ ಈಗ ಬರೆಯಲು ಕೂತಿದ್ದೇನೆ.

ಅವಳು ಡಾಕ್ಟರಾದದ್ದಷ್ಟೇ ಅಲ್ಲ, ಕೂತಿರುವುದೂ ಕಡಲ ದಡದ ರಾಯಪುರಂನ ಅದೇ ಕ್ಲಿನಿಕ್ಕಿನಲ್ಲಿ. ನನ್ನ ಅರ್ಧ ಆಯಸ್ಸು ಅಲ್ಲೇ ಕಳೆದದ್ದು. ನಾನು ಅಲ್ಲಿ ಆಯಾ ಆಗಿದ್ದೆ. ನನ್ನ ಡಾಕ್ಟರು ಶೇಷಗಿರಿ ಈಗ ಪೋರೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಮಂಡಿ ನೋವು, ಮೆಟ್ಟಿಲು ಇಳಿಯುವುದಿಲ್ಲ. ಭಾರ್ಗವಿ ಹೋಗಿ ಕೇಳಿದಾಗ ಬೀಗದಕೈ ಕೊಟ್ಟು, “ಒಳಗೆ ಧೂಳಿದೆ, ನಿಮ್ಮಜ್ಜಿಗೆ ಗುಡಿಸೋಕೆ ಹೇಳ್ಬೇಡ, ಅವರು ರಿಟೈರ್ಡು” ಅಂದರಂತೆ. ನಾನೇ ಗುಡಿಸಿದೆ. ಯಾರು ಕೇಳುತ್ತಾರೆ?

ಆದರೆ ಇದಕ್ಕೊಂದು ಷರತ್ತಿತ್ತು. ಭಾರ್ಗವಿಯ ಜೊತೆ ಓದಿದವರಲ್ಲಿ ಮುಕ್ಕಾಲು ಜನ ಮೇಲಿನ ಓದಿಗೆ ಪರೀಕ್ಷೆ ಕಟ್ಟಿಕೊಂಡು ಕೋಚಿಂಗಿಗೆ ಹೋಗುತ್ತಿದ್ದಾರೆ. ಇವಳೂ ಒಂದು ವರ್ಷ ಹೋದಳು. ಸಿಕ್ಕ ಸೀಟು ಬೇಕಾದ್ದಲ್ಲ, ಬೇಕಾದ್ದು ಸಿಗಲಿಲ್ಲ. ಒಂದು ದಿನ ಊಟದ ತಟ್ಟೆ ಮುಂದೆ ಕೂತು, “ಎನಕ್ಕು ಪೇಷಂಟ್ ಪಾಕಣುಂ ಅಜ್ಜಿ” ಅಂದಳು. ಪೇಷಂಟುಗಳನ್ನು ನೋಡಬೇಕಂತೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು. ಅವರಪ್ಪ, ಅಂದರೆ ನನ್ನ ಮಗ ಮಂಜುನಾಥ, ಇನ್ಷೂರೆನ್ಸ್ ಆಫೀಸಿನವನು, ಎಲ್ಲದಕ್ಕೂ ಒಂದು ವಾಯಿದೆ ಹಾಕುತ್ತಾನೆ. “ಈ ಕಾಲದಲ್ಲಿ ಬರೀ ಎಂಬಿಬಿಎಸ್ ಹತ್ರ ಯಾರಮ್ಮಾ ಬರ್ತಾರೆ? ಪೊಂಗಲ್‌ವರೆಗೆ ಕೂತು ನೋಡ್ಲಿ. ಬೆಂಚು ತುಂಬದಿದ್ರೆ ಬಾಯಿ ಮುಚ್ಕೊಂಡು ಕೋಚಿಂಗಿಗೆ ಹೋಗ್ಲಿ” ಅಂದ. ಅವಳು ಒಪ್ಪಿದಳು.

ಅವಳ ಹಾಗೇ ಓದು ಮುಗಿಸಿ, ಏನು ಮಾಡುವುದೆಂದು ತಿಳಿಯದೆ, ಇವಳಿಗೇನಾಗುತ್ತದೋ ನೋಡೋಣ ಎಂದು ಕಾಯುತ್ತಿರುವ ಗೆಳತಿಯರು ಇಬ್ಬರಿದ್ದಾರೆ. ಬಂದಾಗಲೆಲ್ಲ, “ಪಾಟಿ, ಆ ಕಾಲದ ಪ್ರಾಕ್ಟೀಸ್ ಹೇಗಿತ್ತು ಹೇಳಿ” ಎಂದು ಈ ಅಜ್ಜಿಯ ಸುತ್ತ ಕೂರುತ್ತಾರೆ. ಅವರಿಗೋಸ್ಕರ ಇದು. ಬರೆಯುತ್ತಿರುವುದು ಬಂಗಾರಪೇಟೆಯ ಸ್ಕೂಲಿನಲ್ಲಿ ನಾನು ಐದನೇ ಕ್ಲಾಸಿನವರೆಗೆ ಕಲಿತ ಕನ್ನಡದಲ್ಲಿ. ಅವರಿಗೆ ಓದಲು ಬರುವುದಿಲ್ಲ, ನಾನೇ ಓದಿ ತಮಿಳಿನಲ್ಲಿ ಹೇಳುತ್ತೇನೆ. ರಾಯಪುರಂನವರು ಆಡಿದ್ದೆಲ್ಲ ತಮಿಳೇ. ಇಲ್ಲಿ ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಮಂಜುನಾಥ ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ. ಯಜಮಾನರು ಪೆರಂಬೂರಿನ ರೈಲ್ವೆ ವರ್ಕ್‌ಷಾಪಿನಲ್ಲಿ ಖಲಾಸಿ. ಕನ್ನಡದ ಡಾಕ್ಟರೊಬ್ಬರು ಆಯಾ ಹುಡುಕುತ್ತಿದ್ದಾರೆ ಎಂದು ಅವರಿಗೆ ಯಾರೋ ಹೇಳಿದ್ದರು. ಹೋದೆ. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ.

“ರಕ್ತ ಕಂಡ್ರೆ ಹೆದರ್ತೀರಾ ಯಶೋದಮ್ಮ?”

“ರಕ್ತಕ್ಕೆ ಹೆದರಲ್ಲ ಸಾರ್, ಇಂಗ್ಲಿಷಿಗೆ ಹೆದರ್ತೀನಿ.”

“ಒಳ್ಳೇದು. ನನಗೆ ಎರಡೂ ಸ್ವಲ್ಪ ಸ್ವಲ್ಪ ಭಯ. ನಾಳೆಯಿಂದ ಬನ್ನಿ.”

ಕೆಲಸವೆಂದರೆ ಗುಡಿಸುವುದು, ಸೀಮೆಎಣ್ಣೆ ಸ್ಟೌ ಹಚ್ಚಿ ಗಾಜಿನ ಸಿರಿಂಜು, ಸೂಜಿ ಕುದಿಸುವುದು, ಜನ ಮನೆಯಿಂದ ತಂದ ಬಾಟಲಿ ತೊಳೆದು ಕೊಡುವುದು, ಅಳುವ ಮಕ್ಕಳನ್ನು ಹಿಡಿದುಕೊಳ್ಳುವುದು. ಡಾಕ್ಟರು ಬಾಟಲಿಗೆ ಕೆಂಪು ಮಿಕ್ಸ್ಚರು ತುಂಬಿಸಿ, ಹೊರಗೆ ಕಾಗದದ ಪಟ್ಟಿಯೊಂದನ್ನು ಹಲ್ಲು ಹಲ್ಲಾಗಿ ಕತ್ತರಿಸಿ ಅಂಟಿಸುತ್ತಿದ್ದರು. ಒಂದು ಹಲ್ಲು ಇಳಿಯುವಷ್ಟು ಕುಡಿದರೆ ಒಂದು ಹೊತ್ತಿನ ಔಷಧಿ. ಓದು ಬಾರದವರಿಗೂ ತಿಳಿಯುತ್ತಿತ್ತು.

ಬೀದಿಯವರು ನನ್ನನ್ನು ನರ್ಸಮ್ಮ ಅನ್ನತೊಡಗಿದರು. ನನಗೂ ಹಿತವಾಗಿತ್ತು, ಸುಳ್ಳೇಕೆ? ಡಾಕ್ಟರ ಕಿವಿಗೆ ಬಿದ್ದ ದಿನ ಒಳಗೆ ಕರೆದರು. “ಆ ಹೆಸರಿಗೆ ಓ ಅನ್ಬೇಡಿ. ನರ್ಸ್ ಓದಿದವರು ಬೇರೆ. ನನ್ನ ಯಾರಾದ್ರೂ ಎಂ.ಡಿ. ಅಂದ್ರೆ ನಾನು ಓ ಅಂತೀನಾ?” ಅವರಿಗೆ ಸಿಟ್ಟು ಬಂದಾಗ ಧ್ವನಿ ಏರುವ ಬದಲು ಇಳಿಯುತ್ತಿತ್ತು.

ಎಂ.ಡಿ. ವಿಷಯ ಆಗಲೇ ತಿಳಿದದ್ದು. ಎಂಬಿಬಿಎಸ್ ಆದ ಮೇಲೆ ಕೀಲ್ಪಾಕಿನ ಮೆಡಿಕಲ್ ಕಾಲೇಜಿನಲ್ಲಿ ಮೇಲಿನ ಓದಿಗೆ ಸೇರಿದ್ದರು. ವಾರ್ಡಿನಲ್ಲಿ ಕೆಲಸ ಮಾಡುತ್ತಲೇ ಓದುವ ಓದು ಅದು. ನಡುವೆ ಅವರ ತಂದೆ ತೀರಿಕೊಂಡರು. ಇಬ್ಬರು ತಂಗಿಯರು ಓದುತ್ತಿದ್ದರು. ಬರುವ ವರ್ಷ ಮುಗಿಸುತ್ತೇನೆ ಎಂದು ಬಿಟ್ಟು ಬಂದು ಕ್ಲಿನಿಕ್ಕು ತೆರೆದರು. ಆ ಬರುವ ವರ್ಷ ಬರಲಿಲ್ಲ.

ಅವರ ಕೆಲಸದ ರೀತಿ ಹೇಳುತ್ತೇನೆ ಕೇಳಿ ಮಕ್ಕಳೇ. ಅವರ ಲೆಕ್ಕದಲ್ಲಿ ಬಂದವರ ಕಾಯಿಲೆ ಒಂದೋ ನಮ್ಮದು, ಇಲ್ಲಾ ಅವರದು, ಇಲ್ಲಾ ನಾಳೆಯದು. ನಮ್ಮದಾದರೆ ಔಷಧಿ ಕೊಟ್ಟು ಕಳಿಸುವುದು. ಅವರದು ಅಂದರೆ ದೊಡ್ಡಾಸ್ಪತ್ರೆಯದು, ಕೂಡಲೇ ಆಟೋ ಹತ್ತಿಸುವುದು. ಯಾವುದೆಂದು ಗೊತ್ತಾಗದ್ದು ನಾಳೆಯದು. “ನಾಳೆ ಬಂದು ಮುಖ ತೋರ್ಸಿ, ದುಡ್ಡು ಬೇಡ” ಅನ್ನುವರು. ಕಷ್ಟವೆಲ್ಲ ಈ ನಾಳೆಯವರದ್ದೇ. ಗುಣವಾದವರೂ ಬರುತ್ತಿರಲಿಲ್ಲ, ಜಾಸ್ತಿಯಾದವರೂ ಬರುತ್ತಿರಲಿಲ್ಲ. ಬಾರದವರ ಮನೆಗೆ ಹೋಗಿ ನೋಡಿ ಬರುವುದು ನನ್ನ ಪಾಲಿನ ಕೆಲಸವಾಯಿತು. ಸಂಜೆ ಬಾಗಿಲು ತೆರೆಯುವ ಮೊದಲು ಗಲ್ಲಿ ಸುತ್ತಿ ಬರುತ್ತಿದ್ದೆ.

ಒಮ್ಮೆ ಜ್ವರದ ಮಗುವೊಂದು ಬರಲಿಲ್ಲ. ಹುಡುಕಿಕೊಂಡು ಹೋದರೆ ದಡದಲ್ಲಿ ದೋಣಿ ಮೇಲಿಂದ ನೀರಿಗೆ ಹಾರುತ್ತಿತ್ತು. ಯಾಕೆ ಬರಲಿಲ್ಲ ಎಂದು ತಾಯಿಯನ್ನು ಗದರಿಸಿದೆ. “ಗುಣ ಆದ್ಮೇಲೆ ಡಾಕ್ಟರ ಮುಖ ನೋಡಿದ್ರೆ ಮತ್ತೆ ಜ್ವರ ಬರುತ್ತೆ ನರ್ಸಮ್ಮಾ” ಅಂದಳು. ಬಂದು ಡಾಕ್ಟರಿಗೆ ಹೇಳಿದೆ. ಕನ್ನಡಿ ನೋಡಿಕೊಂಡು, “ಅಷ್ಟು ಕೆಟ್ಟದಾಗಿದೆಯೇನ್ರೀ?” ಅಂದರು. ಅದೇ ವಾರ ಕೆಮ್ಮಿನ ಮುದುಕರೊಬ್ಬರು ಬರಲಿಲ್ಲ. ಹೋದಾಗ ಗೋಡೆಗೆ ಒರಗಿ ಕೂತು ಒಂದೊಂದು ಉಸಿರಿಗೂ ಹೆಗಲು ಎತ್ತುತ್ತಿದ್ದರು. ಸೈಕಲ್ ರಿಕ್ಷಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಉಳಿದರು.

ಆಗ ರಾಯಪುರಂನಲ್ಲಿ ಊಸಿ ಹಾಕದ ಡಾಕ್ಟರು ಡಾಕ್ಟರೇ ಅಲ್ಲ. ಊಸಿ ಅಂದರೆ ಇಂಜೆಕ್ಷನ್. ನೆಗಡಿಗೆ ಊಸಿ, ಸುಸ್ತಿಗೆ ಊಸಿ. ಒಬ್ಬಾಕೆ ಗಂಡನನ್ನು ರಟ್ಟೆ ಹಿಡಿದು ಎಳೆದು ತಂದು, “ಕುಡಿಯೋದು ಬಿಡೋ ಹಾಗೆ ಒಂದು ಊಸಿ ಹಾಕಿ ಸಾರ್, ದೊಡ್ಡದೇ ಹಾಕಿ” ಅಂದಿದ್ದಳು. ಮೊದಮೊದಲು ಡಾಕ್ಟರೂ ಶಕ್ತಿಯ ಊಸಿ ಎಂದು ಹಳದಿ ನೀರಿನಂಥದ್ದನ್ನು ಹಾಕುತ್ತಿದ್ದರು. ಒಂದು ದಿನ ನಿಲ್ಲಿಸಿಬಿಟ್ಟರು. ಬೇಕಾದವರಿಗೆ ಮಾತ್ರ ಅಂದರು. ಬೆಂಚು ಖಾಲಿಯಾಯಿತು. ಬೀದಿಯ ಕೊನೆಯಲ್ಲಿ ಓದೂ ಇಲ್ಲದೆ ಸರ್ಟಿಫಿಕೇಟೂ ಇಲ್ಲದೆ ಎಲ್ಲರಿಗೂ ಚುಚ್ಚುವವನೊಬ್ಬನಿದ್ದ, ಜನ ಅಲ್ಲಿಗೆ ಹೋದರು. ನಾವು ಇಬ್ಬರೂ ಪೇಪರು ಓದಿದೆವು. ನಾನು ಅಷ್ಟಿಷ್ಟು ತಮಿಳು ಓದಲು ಕಲಿತದ್ದೇ ಆಗ. ಅವನು ಚುಚ್ಚಿದ ಜಾಗ ಕೀವಾಗಿ ಬಂದವರಿಗೆ ನಾವು ಪಟ್ಟಿ ಕಟ್ಟತೊಡಗಿದ ಮೇಲೆ ಒಬ್ಬೊಬ್ಬರೇ ವಾಪಸ್ಸಾದರು.

ಇನ್ನು ಡಾಕ್ಟರ ದೊಡ್ಡ ತಪ್ಪಿನ ವಿಷಯ. ಇದನ್ನು ಬರೆಯಬಹುದೇ ಎಂದು ಪೋರೂರಿಗೆ ಫೋನು ಮಾಡಿ ಕೇಳಿದೆ. “ಬರೀರಿ. ಅದನ್ನ ಬಿಟ್ಟು ಬೇರೆ ಏನು ಬರೆದ್ರೂ ಪ್ರಯೋಜನ ಇಲ್ಲ” ಅಂದರು.

ಸೂಸೈ ಎಂಬ ಮೀನುಗಾರ. ಸಕ್ಕರೆ ಕಾಯಿಲೆ. ಡಾಕ್ಟರು ಮಾತ್ರೆ ಬರೆದುಕೊಟ್ಟು, “ಬೆಳಿಗ್ಗೆ ತಿಂಡಿಗೆ ಮೊದಲು ಒಂದು” ಅಂದರು. ಎಲ್ಲ ಡಾಕ್ಟರೂ ಹಾಗೇ ಹೇಳುವುದು. ಆದರೆ ಸೂಸೈಗೆ ಬೆಳಿಗ್ಗೆ ಅಂದರೆ ದೋಣಿ ಹೊರಡುವ ಹೊತ್ತು, ಕತ್ತಲು ಇನ್ನೂ ಹರಿದಿರುವುದಿಲ್ಲ. ಅವನು ಆಗ ಮಾತ್ರೆ ನುಂಗಿ ಹೊರಟ. ತಿಂಡಿ ಅಂದರೆ ಬಲೆ ಎಳೆದಾದ ಮೇಲೆ, ಡಬ್ಬಿಯಲ್ಲಿ ಕಟ್ಟಿಕೊಂಡ ಗಂಜಿ. ಬಿಸಿಲೇರುವವರೆಗೂ ಹೊಟ್ಟೆಗೆ ಏನೂ ಬೀಳುವುದಿಲ್ಲ. ಆ ಮಾತ್ರೆ ನುಂಗಿ ಉಣ್ಣದಿದ್ದರೆ ರಕ್ತದ ಸಕ್ಕರೆ ಪೂರಾ ಇಳಿದುಹೋಗುತ್ತದೆ. ಬಲೆ ಎಳೆಯುತ್ತಿದ್ದವನು ಬೆವೆತು, ತೊದಲಿ, ದೋಣಿಯಲ್ಲೇ ಬಿದ್ದ. ಜೊತೆಯವರು ಕುಡಿದಿದ್ದಾನೆ ಅಂದುಕೊಂಡರು. ಒಬ್ಬ ಪುಣ್ಯಾತ್ಮ ತನ್ನ ಕಲರ್ ಸೋಡಾ ಬಾಯಿಗೆ ಹಿಡಿದ. ಅದರ ಸಿಹಿ ಅವನನ್ನು ದಡದವರೆಗೆ ತಂದಿತು.

ಮಾರನೇ ದಿನ ಅವನ ಹೆಂಡತಿ ಫಿಲೋಮಿನಾ ಬಂದಳು. ತುಂಬಿದ ಬೆಂಚಿನ ಮುಂದೆ ನಿಂತು ಕೂಗಿದಳು. “ಒಂಚೂರು ಆಚೆ ವಾಲಿದ್ರೆ ನೀರಿಗೆ ಬೀಳ್ತಿದ್ದ! ಹೆಣಾನೂ ಸಿಕ್ತಿರಲಿಲ್ಲ! ಓದೋದು ಅರ್ಧಕ್ಕೆ ಬಿಟ್ಟು ಓಡಿ ಬಂದವ್ನಂತೆ ಇವ್ನು, ಅರ್ಧ ಡಾಕ್ಟ್ರು! ಅರ್ಧ ಡಾಕ್ಟ್ರ ಹತ್ರ ನಾನು ಪೂರಾ ಗಂಡನ್ನ ಕಳ್ಸಿದ್ದೆ!”

ಯಾರೂ ನಗಲಿಲ್ಲ. ಡಾಕ್ಟರು ಎದ್ದು ನಿಂತು, “ತಪ್ಪು ನನ್ನದೇಮ್ಮ” ಅಂದರು. ಅಷ್ಟೇ. ಅವಳು ಹೋದ ಮೇಲೆ ಉಳಿದವರನ್ನೆಲ್ಲ ನೋಡಿದರು. ಆಮೇಲೆ ಬಾಗಿಲು ಹಾಕಿಸಿ ನನಗೆ ಹೇಳಿದರು. “ಅವಳು ಹೇಳಿದ್ದು ಸರಿ ಯಶೋದಮ್ಮ. ನಾನು ಕೀಲ್ಪಾಕಿಗೆ ಹೋಗಿ ಕೇಳ್ತೀನಿ, ಮತ್ತೆ ಸೇರಿಸ್ಕೊಂಡ್ರೆ ಮುಗಿಸ್ಕೊಂಡು ಬರ್ತೀನಿ. ಅಲ್ಲಿವರೆಗೆ ಕ್ಲಿನಿಕ್ ಬೇಡ.” ನನ್ನ ಕೆಲಸ ಹೋಯಿತು ಅಂದುಕೊಂಡೆ. ಸ್ಟೌ ಆರಿಸಿ, ಸಿರಿಂಜುಗಳನ್ನು ಒರೆಸಿ ಎತ್ತಿಟ್ಟೆ.

ವಾರವಾದ ಮೇಲೆ ಬಂದರು. ತಮಗೆ ಕಲಿಸಿದ ಹಿರಿಯ ಡಾಕ್ಟರನ್ನು ಕಂಡು ಎಲ್ಲ ಹೇಳಿದ್ದರಂತೆ. ಆ ಹಿರಿಯರು, “ಇವತ್ತು ಬೆಳಿಗ್ಗೆ ನಾನೂ ಎಷ್ಟೋ ಜನಕ್ಕೆ ತಿಂಡಿಗೆ ಮೊದಲು ಅಂತ ಬರೆದುಕೊಟ್ಟೆ ಶೇಷಗಿರಿ. ಅವರಲ್ಲಿ ಒಬ್ಬರಾದ್ರೂ ತಿಂಡಿ ಎಷ್ಟೊತ್ತಿಗೆ ತಿಂತಾರೆ ಅಂತ ನಂಗೆ ಗೊತ್ತಿಲ್ಲ. ಓದು ಮುಗಿಸ್ಬೇಕು ಅಂತ ಆಸೆ ಇದ್ರೆ ಬಾ, ಕೇಳಿ ನೋಡೋಣ. ಈ ತಪ್ಪಿಗೋಸ್ಕರ ಬರೋದಾದ್ರೆ ಬೇಡ, ಇದನ್ನ ಇಲ್ಲಿ ಯಾರೂ ಕಲಿಸಲ್ಲ” ಅಂದರಂತೆ.

ಡಾಕ್ಟರು ಆ ರಾತ್ರಿ ಏನು ಯೋಚಿಸಿದರೋ ನನಗೆ ತಿಳಿಯದು. ಬೆಳಿಗ್ಗೆ ಬಂದು, “ಸ್ಟೌ ಹಚ್ಚಿ” ಅಂದರು. ಅವತ್ತಿನಿಂದ ಮಾತ್ರೆ ಬರೆಯುವ ಮೊದಲು ಎಲ್ಲರಿಗೂ ಒಂದು ಪ್ರಶ್ನೆ: “ನಿಮ್ಮನೇಲಿ ಒಲೆ ಎಷ್ಟೊತ್ತಿಗೆ ಹಚ್ತೀರ?” ಹಾರ್ಬರಿನ ರಾತ್ರಿ ಪಾಳಿಯವರಿಗೆ ಸಂಜೆ ತಿಂಡಿ, ಮೀನು ಮಾರುವ ಹೆಂಗಸರಿಗೆ ಮಧ್ಯಾಹ್ನ ಬುಟ್ಟಿ ಖಾಲಿಯಾದ ಮೇಲೆ ಮೊದಲ ತುತ್ತು. ಎಲ್ಲರಿಗೂ ಒಂದೇ ಬೆಳಗಲ್ಲ ಎಂದು ನಮಗೆ ಆಗ ತಿಳಿಯಿತು. ಸೂಸೈ ಮತ್ತೆ ನಮ್ಮಲ್ಲಿಗೇ ಬಂದ. ಫಿಲೋಮಿನಾ ಮಾತ್ರ ತಾನು ಸಾಯುವವರೆಗೂ ನಮ್ಮ ಕ್ಲಿನಿಕ್ಕಿನ ಮೆಟ್ಟಿಲು ಹತ್ತಲಿಲ್ಲ. ಎಲ್ಲವೂ ಸರಿಹೋಗುತ್ತದೆ ಎಂದು ನಾನು ನಿಮಗೆ ಸುಳ್ಳು ಹೇಳುವುದಿಲ್ಲ.

ಆಮೇಲೆ ಕಾಲ ಬದಲಾಯಿತು. ಬಿಸಾಡುವ ಸಿರಿಂಜು ಬಂದು ನನ್ನ ಸ್ಟೌ ಮೂಲೆಗೆ ಹೋಯಿತು. ಮಿಕ್ಸ್ಚರು ಹೋಗಿ ಮಾತ್ರೆಯ ಪಟ್ಟಿ ಬಂತು. ಜನ ಡಾಕ್ಟರಿಗೆ ನಾಡಿ ತೋರಿಸುವ ಮೊದಲೇ ಲ್ಯಾಬಿನ ರಿಪೋರ್ಟು ತೋರಿಸತೊಡಗಿದರು. ತಲೆಗೊಬ್ಬ ಡಾಕ್ಟರು, ಮೂಳೆಗೊಬ್ಬ, ಮೂಗಿಗೊಬ್ಬ. “ನೀವು ಯಾವುದಕ್ಕೆ ಸಾರ್?” ಎಂದು ಒಬ್ಬ ಕೇಳಿದ್ದಕ್ಕೆ ನಮ್ಮ ಡಾಕ್ಟರು, “ಇನ್ನೂ ಯಾವುದಕ್ಕೆ ಅಂತ ಗೊತ್ತಾಗದವರಿಗೆ” ಅಂದಿದ್ದರು. ಕೊರೋನಾ ಬಂದಾಗ ಬಾಗಿಲಿಗೆ ಪ್ಲಾಸ್ಟಿಕ್ ಪರದೆ ಕಟ್ಟಿ ಆಚೆಯಿಂದಲೇ ನೋಡಿದರು. ಅದಾದ ಮೇಲೆ ಅವರ ಮೈ ಕೈ ಸೋತಿತು. ನನ್ನದೂ.

ಈಗ ನಮ್ಮ ಭಾರ್ಗವಿ. ಮೊದಮೊದಲು ಜನ ಬಾಗಿಲವರೆಗೆ ಬಂದು, ಇಣುಕಿ, ಅವಳನ್ನೇ ಕೇಳುತ್ತಿದ್ದರು. “ಪಾಪ್ಪಾ, ಡಾಕ್ಟರ್ ಎಪ್ಪೋ ವರುವಾರು?” ಮಗೂ, ಡಾಕ್ಟರು ಯಾವಾಗ ಬರುತ್ತಾರೆ ಎಂದು! ನಾನೇ ಡಾಕ್ಟರು ಅಂದರೆ, ಸಂಜೆ ಬರುತ್ತೇವೆ ಎಂದು ಜಾರಿಕೊಳ್ಳುತ್ತಿದ್ದರು. ಬೆಂಚಿನ ಮೇಲೆ ನಾನೊಬ್ಬಳೇ. ಮಂಜುನಾಥ ಮನೆಯಲ್ಲಿ ಏನೂ ಕೇಳುತ್ತಿರಲಿಲ್ಲ. ಕ್ಯಾಲೆಂಡರಿನ ಹಾಳೆ ಹರಿಯುವಾಗ ಮಾತ್ರ ಸ್ವಲ್ಪ ಜೋರಾಗಿ ಹರಿಯುತ್ತಿದ್ದ. ಬಾಯಿಬಿಟ್ಟು ಕೇಳುವುದಕ್ಕಿಂತ ಆ ಸದ್ದೇ ಅವಳಿಗೆ ಹೆಚ್ಚು ಚುಚ್ಚುತ್ತಿತ್ತು.

ಒಂದು ದಿನ ಬಲೆ ಹೆಣೆಯುವ ಮುದುಕಿಯೊಬ್ಬಳು ಅಂಗೈ ತುಂಬ ಗುಳ್ಳೆ ಎದ್ದು ಬಂದಳು. ಭಾರ್ಗವಿ ತಿರುಗಿಸಿ ತಿರುಗಿಸಿ ನೋಡಿ, ಏನೇನೋ ಕೇಳಿ, ಕೊನೆಗೆ, “ಎನಕ್ಕು ತೆರಿಯಲೆ ಪಾಟಿ. ಕೇಳಿ ತಿಳ್ಕೊಂಡು ನಾಳೆ ಹೇಳ್ತೀನಿ” ಅಂದಳು. ಮುದುಕಿ ಬೀದಿ ತುಂಬ ಸಾರಿದಳು, ಹೊಸ ಡಾಕ್ಟರಿಗೆ ಗೊತ್ತಿಲ್ಲವಂತೆ, ಬಾಯಿಬಿಟ್ಟು ಹಾಗೇ ಅಂದಳಂತೆ! ಭಾರ್ಗವಿ ಮನೆಗೆ ಬಂದು ಊಟ ಬಿಟ್ಟು ಅಳುತ್ತ ಕೂತಳು.

“ಯಾಕೇ ಅಳ್ತೀಯ?”

“ನಾನು ಹಾಗೆ ಹೇಳಬಾರದಿತ್ತು ಅಜ್ಜಿ. ಏನಾದ್ರೂ ಮುಲಾಮು ಕೊಟ್ಟು ಕಳಿಸ್ಬೇಕಿತ್ತು.”

“ಕೊಟ್ಟಿದ್ರೆ ಆವಮ್ಮ ನಾಳೆ ಬರ್ತಿರ್ಲಿಲ್ಲ. ಈಗ ಬರ್ತಾಳೆ. ನೀನು ಫೋನು ಮಾಡಿ ಕೇಳಿದ್ಯಾ, ಇಲ್ವಾ?”

ಅವಳು ಚರ್ಮದ ವಿಭಾಗದಲ್ಲಿರುವ ಸೀನಿಯರಿಗೆ ಫೋಟೋ ಕಳಿಸಿ ಕೇಳಿದ್ದಳು. ಮಾರನೇ ದಿನ ಮುದುಕಿ ಬಂದಳು. ಅವಳ ಹಿಂದೆ ಅರ್ಧ ಗಲ್ಲಿಯೇ ಬಂತು, ಹುಡುಗಿ ಏನು ಕಂಡುಹಿಡಿದಳು ಎಂದು ಕೇಳಲು. ಹೊಸದಾಗಿ ಬಂದ ಬಲೆಯ ದಾರ ಕೈಗೆ ಆಗುತ್ತಿಲ್ಲ ಎಂದು ತಿಳಿಸಿ, ಬಟ್ಟೆ ಸುತ್ತಿಕೊಂಡು ಹೆಣೆಯಲು ಹೇಳಿ, ಮುಲಾಮು ಬರೆದುಕೊಟ್ಟಳು. ಕೇಳಲು ಬಂದವರಲ್ಲಿ ಒಬ್ಬ ತನ್ನ ಕೆಮ್ಮಿನ ವಿಷಯ ಎತ್ತಿದ. ಇನ್ನೊಬ್ಬಳು ಮಗುವಿನ ಕಿವಿ. ಒಂದೇ ದಿನಕ್ಕೆ ಏನೂ ಬದಲಾಗಲಿಲ್ಲ. ಆದರೆ ನಾನು ಬೆಂಚಿನಿಂದ ಎದ್ದು ಸ್ಟೂಲಿಗೆ ಬಂದೆ.

ಪೊಂಗಲ್‌ಗೆ ಮುಂಚಿನ ದಿನ ಮಂಜುನಾಥ ಆಫೀಸಿನಿಂದ ನೇರ ಕ್ಲಿನಿಕ್ಕಿಗೆ ಬಂದ. ನನಗೆ ಹೇಳಿರಲಿಲ್ಲ. ಒಳಗೆ ಹೆಜ್ಜೆ ಇಡುತ್ತಿದ್ದ ಹಾಗೇ ಮೀನು ಮಾರುವ ತಂಗಮ್ಮಾಳ್ ಕೈ ಅಡ್ಡ ಹಾಕಿದಳು. “ಲೈನ್‌ಲ ವಾಂಗ ಸಾರ್.” ಸಾಲಿನಲ್ಲಿ ಬರಬೇಕಂತೆ. ನಾನು ಬಾಯಿ ತೆರೆದೆ, ಅವನು ಬೇಡ ಎಂದು ಕಣ್ಣು ಮಾಡಿ ಬೆಂಚಿನ ತುದಿಯಲ್ಲಿ ಬ್ಯಾಗು ತೊಡೆ ಮೇಲಿಟ್ಟುಕೊಂಡು ಕೂತ.

“ಏನು ಸಾರ್ ಕಾಯಿಲೆ?” ತಂಗಮ್ಮಾಳ್ ಸುಮ್ಮನಿರುವವಳಲ್ಲ.

“ಏನಿಲ್ಲ. ನಿದ್ದೆ ಸರಿಯಾಗಿ ಬರ್ತಿಲ್ಲ.”

“ಹೇಳಿ ಅವಳಿಗೆ, ತಾಳ್ಮೆಯಾಗಿ ಕೇಳ್ತಾಳೆ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತಾಳೆ, ಕೋಪ ಮಾಡ್ಕೋಬೇಡಿ. ಇವತ್ತೇ ತೋರಿಸ್ಕೊಂಡುಬಿಡಿ. ಹಬ್ಬ ಆದ್ಮೇಲೆ ಇರ್ತಾಳೋ ಇಲ್ವೋ.”

“ಯಾಕೆ?”

“ಅವಳಪ್ಪ ಅಂತ ಒಬ್ಬ ಇದಾನಂತೆ. ಇನ್ನೂ ಓದು ಅಂತಾನಂತೆ. ಎಲ್ಲೀವರೆಗೆ ಓದಿಸ್ತಾನೆ ಸಾರ್? ಮಗು ತಲೆ ನರೆಯೋವರೆಗಾ?”

ಬೆಂಚು ಪೂರ್ತಿ ನಕ್ಕಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

“ಅವನಿಗೆ ಭಯ ಇರ್ಬೇಕು” ಅಂದ ನನ್ನ ಮಗ.

“ಎಂಥ ಭಯ?”

“ಯಾರೂ ಬರಲ್ಲ ಅಂತ.”

ತಂಗಮ್ಮಾಳ್ ಬೆಂಚನ್ನು ಆ ಕಡೆಯಿಂದ ಈ ಕಡೆಗೆ ನೋಡಿದಳು. ಬಾಗಿಲಲ್ಲಿ ಕೋಲೂರಿ ನಿಂತಿದ್ದ ಒಬ್ಬ ಮುದುಕನನ್ನೂ ನೋಡಿದಳು. “ಸ್ವಲ್ಪ ಜರುಗಿ ಸಾರ್, ಈ ತಾತನಿಗೆ ಜಾಗ ಬೇಕು” ಅಂದಳು.

ಜರುಗಲು ಜಾಗವಿರಲಿಲ್ಲ. ಮಂಜುನಾಥ ಎದ್ದು ನಿಂತ. ಕೊನೆಯ ಪೇಷಂಟು ಹೋಗುವವರೆಗೂ ಗೋಡೆಗೆ ಒರಗಿ ನಿಂತೇ ಇದ್ದ. ಭಾರ್ಗವಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದವಳು ಅವನನ್ನು ಕಂಡು ಅಲ್ಲೇ ನಿಂತಳು.

“ಅಪ್ಪಾ! ಎಪ್ಪೋ ವಂದೀಂಗ?”

ಅವನು ಹೊರಗೆ ಹೋಗಿ ಬಾಗಿಲಿನ ಮೇಲೆ ನೋಡಿ, ಒಳಗೆ ಬಂದ. “ನಿನ್ನ ಹೆಸರೇ ಇಲ್ವಲ್ಲೇ ಹೊರಗೆ?”

“ಪೊಂಗಲ್ ಆಗ್ಲಿ ಅಂತ...”

“ಪೇಂಟರಿಗೆ ಹೇಳ್ತೀನಿ. ಹೆಸರಿನ ಪಕ್ಕ ಎಂಬಿಬಿಎಸ್ ಅಂತ ಹಾಕ್ಸಿದ್ರೆ ಸಾಕಾ?”

“ಸಾಕುಪಾ.”

“ಹಾಗಾದ್ರೆ ಅಕ್ಷರ ದೊಡ್ಡದಾಗಿರ್ಲಿ” ಅಂದ ನನ್ನ ಮಗ. “ಬಸ್ಸಲ್ಲಿ ಹೋಗೋರಿಗೂ ಕಾಣಬೇಕು.”